ಹೈಡ್ರೋಜನ್ ಕೊಳವೆಮಾರ್ಗ: ಉಕ್ಕೋ, ಪಾಲಿಎಥಿಲೀನೋ?

ಒಣ ಹೈಡ್ರೋಜನ್ ಉಕ್ಕಿಗೆ ತುಕ್ಕು ಹಿಡಿಸುವುದಿಲ್ಲ. ನೆಲದಡಿಯ ಕೊಳವೆಗೆ ತುಕ್ಕು ತಗಲುವುದು ಹೊರಗಿನ ತೇವದ ಮಣ್ಣಿನಿಂದ. ಒಳಗಿನ ಅಪಾಯವೇ ಬೇರೆ: ಹೈಡ್ರೋಜನ್ ಪರಮಾಣುಗಳು ಲೋಹದೊಳಕ್ಕೆ ನುಸುಳಿ ಅದನ್ನು ಪೆಡಸಾಗಿಸುತ್ತವೆ ಮತ್ತು ಬೆಸುಗೆಯ ಬಳಿಯ ಸಣ್ಣ ಬಿರುಕನ್ನು ಬೆಳೆಸುತ್ತವೆ.

ದೂರದ, ಹೆಚ್ಚಿನ ಒತ್ತಡದ ಮಾರ್ಗಕ್ಕೆ ಉಕ್ಕೇ ಸೂಕ್ತ. ಜರ್ಮನಿಯ ರೂರ್ ಪ್ರದೇಶದ ಹೈಡ್ರೋಜನ್ ಕೊಳವೆಜಾಲ 1938ರಷ್ಟು ಹಳೆಯದು. ಎಕ್ಸ್80ರಂತಹ (ಎಕ್ಸ್ ಮುಂದಿನ ಅಂಕಿ ದೊಡ್ಡದಾದಷ್ಟು ಉಕ್ಕಿನ ಬಲ ಹೆಚ್ಚು) ಹೆಚ್ಚು ಬಲದ ಉಕ್ಕನ್ನು ಬಳಸಿದರೆ ಗೋಡೆ ತೆಳುವಾಗಿ ಖರ್ಚು ಉಳಿಯಬಹುದಾದರೂ ಬಿರುಕಿನ ಭಯ ಹೆಚ್ಚುವುದರಿಂದ, ಎಕ್ಸ್42 ಅಥವಾ ಎಕ್ಸ್52 ದರ್ಜೆಯ ದಪ್ಪ ಗೋಡೆಯ ಕೊಳವೆಗೇ ನನ್ನ ಮತ. ಹೊರಮೈಗೆ ಎಪಾಕ್ಸಿ ಅಥವಾ ಮೂರು ಪದರದ ಪಾಲಿಎಥಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಲೇಪನದ ಜೊತೆಗೆ ಕ್ಯಾಥೋಡಿಕ್ ರಕ್ಷಣೆಯೂ, ಅಂದರೆ ಕೊಳವೆಗೆ ಸಣ್ಣ ವಿದ್ಯುತ್ ಹರಿಸಿ ತುಕ್ಕು ತಡೆಯುವ ಕ್ರಮವೂ ಬೇಕು. ಅಳತೆಗೆ ಆಧಾರವಾಗಿ ಬಳಸುವ ತಾಮ್ರ–ತಾಮ್ರದ ಸಲ್ಫೇಟ್ ಎಲೆಕ್ಟ್ರೋಡಿಗೆ ಹೋಲಿಸಿ ಕೊಳವೆಯ ವೋಲ್ಟೇಜ್ ಅಳೆದಾಗ ಮೈನಸ್ 850 ಮಿಲಿವೋಲ್ಟ್ ಇದರ ವಾಡಿಕೆಯ ಗುರಿ. ಸುರಕ್ಷತೆಯ ಹೆಸರಿನಲ್ಲಿ ಇದನ್ನು ಮೈನಸ್ 1200ರ ಆಚೆಗೆ ಒಯ್ದರೆ ಲೇಪನ ಹರಿದ ಕಡೆ ಹೈಡ್ರೋಜನ್ ಉತ್ಪತ್ತಿಯಾಗಿ, ತಡೆಯಬೇಕಾದ ಅಪಾಯವನ್ನು ನಾವೇ ಹೊರಗಿನಿಂದ ಬರಮಾಡಿಕೊಂಡಂತಾಗುತ್ತದೆ. ಲೇಪನವೂ ಅಂಟು ಬಿಡುತ್ತದೆ.

ಪಾಲಿಎಥಿಲೀನ್ ಕೊಳವೆಗೆ ತುಕ್ಕಿನ ಚಿಂತೆಯಿಲ್ಲ, ವಿದ್ಯುತ್ ರಕ್ಷಣೆಯೂ ಬೇಡ. ಆದರೆ ಅದು ಸುಮಾರು 10 ಬಾರ್‌ ಒತ್ತಡದವರೆಗಿನ ಊರೊಳಗಿನ ವಿತರಣೆಗಷ್ಟೇ ಹೊಂದುತ್ತದೆ. ಅದರ ಗೋಡೆಯ ಮೂಲಕ ಹೈಡ್ರೋಜನ್ ಮೀಥೇನ್‌ಗಿಂತ ಹಲವು ಪಟ್ಟು ವೇಗವಾಗಿ ಜಿನುಗುತ್ತದೆ. ಪೋಲಾಗುವ ಅನಿಲ ಅಲ್ಪವೇ ಆದರೂ ಮುಚ್ಚಿದ ಕವಾಟದ ಗುಂಡಿಗಳಿಗೆ ಗಾಳಿಯಾಡುವ ವ್ಯವಸ್ಥೆ ಇರಲೇಬೇಕು. ಪ್ಲಾಸ್ಟಿಕ್ಕಿನಿಂದ ಲೋಹಕ್ಕೆ ಸೇರುವ ಜೋಡಣೆಗಳಲ್ಲಿ ತುಕ್ಕು ತಡೆಯುವ ಲೇಪನವನ್ನು ಬಿಡುವಂತಿಲ್ಲ.