ದೂರದ ಕ್ಲಸ್ಟರ್‌ಗಳಲ್ಲಿ ಹುಡುಕಾಟ: ಸ್ನಿಫ್ ಮೋಡೋ, ಪ್ರಾಕ್ಸಿ ಮೋಡೋ?

ಹುಡುಕಾಟದ ಎಂಜಿನ್ ಆದ ಇಲಾಸ್ಟಿಕ್‌ಸರ್ಚ್‌ನಲ್ಲಿ ಒಂದೇ ಕ್ವೆರಿಯಿಂದ ಹಲವು ಕ್ಲಸ್ಟರ್‌ಗಳನ್ನು (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ, ಅಂದರೆ ನೋಡ್‌ಗಳ, ಗುಂಪುಗಳನ್ನು) ಹುಡುಕಲು ದೂರದ ಕ್ಲಸ್ಟರ್‌ಗೊಂದು ಅಡ್ಡಹೆಸರು ಕೊಟ್ಟು, ಇಂಡೆಕ್ಸ್ ಹೆಸರಿನ ಮುಂದೆ 'ಮುಂಬೈ:ಲಾಗ್ಸ್-*' ಎಂದು ಸೇರಿಸಿದರೆ ಆಯಿತು. ತಲೆನೋವು ಇರುವುದು ಅದಕ್ಕಿಂತ ಮುಂಚೆ, ಸ್ನಿಫ್, ಪ್ರಾಕ್ಸಿ ಎಂಬ ಎರಡು ಸಂಪರ್ಕದ ವಿಧಾನಗಳಲ್ಲಿ ಒಂದನ್ನು ಆರಿಸುವಲ್ಲಿ. ಎರಡನ್ನೂ ನಡೆಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು: ವೇಗ ನೋಡಿ ಆರಿಸಬೇಡಿ, ನಿಮ್ಮ ನೋಡ್‌ಗಳು ಆಚೆಯ ಯಾವ ವಿಳಾಸವನ್ನು ಮುಟ್ಟಬಲ್ಲವು ಎಂದು ನೋಡಿ ಆರಿಸಿ.

ಡಿಫಾಲ್ಟ್ ಆಗಿ ಸಿಗುವುದು ಸ್ನಿಫ್. ಸೀಡ್ಸ್ ಸೆಟ್ಟಿಂಗ್‌ನಲ್ಲಿ ಒಂದೆರಡು ನೋಡ್‌ಗಳ ವಿಳಾಸವನ್ನು 9300ನೇ ಪೋರ್ಟ್‌ನೊಂದಿಗೆ ಕೊಡುತ್ತೀರಿ. ಆದರೆ ಸೀಡ್‌ನ ಕೆಲಸ ಪರಿಚಯ ಮಾಡಿಸುವುದಷ್ಟೇ. ಇಲಾಸ್ಟಿಕ್‌ಸರ್ಚ್ ಅದರಿಂದ ಆಚೆಯ ನೋಡ್‌ಗಳ ಪಟ್ಟಿ ಪಡೆದು, ಡಿಫಾಲ್ಟ್ ಆಗಿ 3 ಗೇಟ್‌ವೇ (ಸಂಪರ್ಕದ ಬಾಗಿಲಾಗುವ) ನೋಡ್‌ಗಳನ್ನು ಆರಿಸಿ, ಅವು ಸಾರಿಕೊಂಡಿರುವ ಪಬ್ಲಿಷ್ ವಿಳಾಸಕ್ಕೆ ನೇರವಾಗಿ ಸಂಪರ್ಕ ಬೆಳೆಸುತ್ತದೆ. ಎಡವುವುದು ಇಲ್ಲೇ. ಆಚೆಯದು ಕುಬರ್ನೆಟಿಸ್‌ನಲ್ಲೋ ಡಾಕರ್‌ನಲ್ಲೋ (ಕಂಟೇನರ್‌ಗಳಲ್ಲಿ) ಇದ್ದರೆ ಆ ಪಬ್ಲಿಷ್ ವಿಳಾಸ ಸಾಮಾನ್ಯವಾಗಿ ಹೊರಗಿನಿಂದ ಮುಟ್ಟಲಾಗದ ಒಳಗಿನ ಖಾಸಗಿ ವಿಳಾಸ. ಸೀಡ್ ಸಿಗುತ್ತದೆ, ಗೇಟ್‌ವೇ ಸಿಗುವುದಿಲ್ಲ. ನೀವು ಎಲ್ಲೂ ಬರೆಯದ ವಿಳಾಸವೊಂದಕ್ಕೆ ಟೈಮ್‌ಔಟ್ ಆಯಿತೆಂದು ಲಾಗ್‌ನಲ್ಲಿ ಕಂಡರೆ ಕಾರಣ ಇದೇ, ಫೈರ್‌ವಾಲ್‌ನಲ್ಲಿ ಸೀಡ್‌ಗೆ ದಾರಿ ಬಿಟ್ಟು ಪ್ರಯೋಜನವಿಲ್ಲ. ಎರಡೂ ಕಡೆ ಒಂದೇ ಖಾಸಗಿ ಐಪಿ ಶ್ರೇಣಿ ಇದ್ದರಂತೂ ನಿಮ್ಮದೇ ಜಾಲದ ಬೇರೊಂದು ಯಂತ್ರದ ಬಾಗಿಲು ತಟ್ಟುತ್ತಿರುತ್ತೀರಿ.

ಪ್ರಾಕ್ಸಿ ಮೋಡ್‌ಗೆ ಈ ಪಟ್ಟಿಯ ಗೊಡವೆಯೇ ಇಲ್ಲ. ಪ್ರಾಕ್ಸಿ_ಅಡ್ರೆಸ್‌ನಲ್ಲಿ ಲೋಡ್ ಬ್ಯಾಲೆನ್ಸರ್‌ನ (ಸಂಪರ್ಕಗಳನ್ನು ನೋಡ್‌ಗಳಿಗೆ ಹಂಚುವ ಮಧ್ಯವರ್ತಿಯ) ಒಂದು ವಿಳಾಸ ಕೊಟ್ಟರೆ ಸಾಕು. ಪ್ರತಿ ಲೋಕಲ್ ನೋಡ್ ಅದಕ್ಕೆ ಡಿಫಾಲ್ಟ್ ಆಗಿ 18 ಸಾಕೆಟ್‌ಗಳನ್ನು (ಸಂಪರ್ಕಗಳನ್ನು) ತೆರೆಯುತ್ತದೆ. 10 ನೋಡ್ ಇದ್ದರೆ 180, ಬ್ಯಾಲೆನ್ಸರ್‌ನ ಮಿತಿಯನ್ನು ಮೊದಲೇ ನೋಡಿಕೊಳ್ಳಿ. ಬ್ಯಾಲೆನ್ಸರ್ ಟಿಸಿಪಿ ಮಟ್ಟದ್ದೇ ಆಗಿರಬೇಕು. ನೋಡ್‌ಗಳು ತಮ್ಮೊಳಗೆ ಮಾತಾಡುವ ಟ್ರಾನ್ಸ್‌ಪೋರ್ಟ್ ಪ್ರೋಟೋಕಾಲ್ ಎಚ್‌ಟಿಟಿಪಿ ಅಲ್ಲ, ಹಾಗಾಗಿ ಅಭ್ಯಾಸಬಲದಿಂದ ಎಚ್‌ಟಿಟಿಪಿಯ 9200ನೇ ಪೋರ್ಟ್ ಬರೆದರೆ ಸಂಪರ್ಕ ಆಗುವುದೇ ಇಲ್ಲ. ಇನ್ನೊಂದು ತೊಡಕು: ಈ ಸಾಕೆಟ್‌ಗಳು ದೀರ್ಘಕಾಲ ತೆರೆದೇ ಇರುತ್ತವೆ. ಆಚೆ ಹೊಸ ನೋಡ್ ಸೇರಿಸಿದರೂ ಹಳೆಯ ಸಾಕೆಟ್‌ಗಳು ಹಳೆಯ ನೋಡ್‌ಗಳಿಗೇ ಅಂಟಿಕೊಂಡಿರುವುದರಿಂದ ಹೊರೆ ತಾನಾಗಿ ಹಂಚಿಕೆಯಾಗದು. ನಡುವಿನ ಫೈರ್‌ವಾಲ್ ಸುಮ್ಮನಿರುವ ಸಂಪರ್ಕಗಳನ್ನು ಬೇಗ ಕಡಿದುಹಾಕುತ್ತಿದ್ದರೆ ಆ ಕ್ಲಸ್ಟರ್‌ಗೆ ಟ್ರಾನ್ಸ್‌ಪೋರ್ಟ್.ಪಿಂಗ್_ಶೆಡ್ಯೂಲ್ (ಸಂಪರ್ಕ ಜೀವಂತವಾಗಿಡಲು ಪಿಂಗ್ ಕಳಿಸುವ ಅಂತರ) ಅನ್ನು ಆ ಗಡುವಿಗಿಂತ ಕಡಿಮೆ ಇಡಿ.

ಒಂದೇ ವಿಪಿಸಿ (ಕ್ಲೌಡ್‌ನಲ್ಲಿನ ಖಾಸಗಿ ಜಾಲ), ಅಥವಾ ಪ್ರತಿ ನೋಡ್ ಪ್ರತಿ ನೋಡನ್ನು ಮುಟ್ಟಬಲ್ಲ ಡೇಟಾ ಸೆಂಟರ್ ಆದರೆ ಸ್ನಿಫ್ ಇರಲಿ: ಬ್ಯಾಲೆನ್ಸರ್ ಎಂಬ ಇನ್ನೊಂದು ಭಾಗವನ್ನು ಸಾಕಬೇಕಿಲ್ಲ. ಉಳಿದ ಕಡೆಯಲ್ಲೆಲ್ಲ ಪ್ರಾಕ್ಸಿ.

ಸ್ನಿಫ್‌ನಿಂದ ಪ್ರಾಕ್ಸಿಗೆ ಬದಲಾಯಿಸುವಾಗ ಮೋಡ್ ಒಂದನ್ನೇ ಬದಲಿಸಿದರೆ ಇಲಾಸ್ಟಿಕ್‌ಸರ್ಚ್ ನಿರಾಕರಿಸುತ್ತದೆ, ಏಕೆಂದರೆ ಹಳೆಯ ಸೀಡ್ಸ್ ಹೊಸ ಮೋಡ್‌ಗೆ ಸಲ್ಲುವುದಿಲ್ಲ. ಸೀಡ್ಸ್ ಮತ್ತು ನೋಡ್_ಕನೆಕ್ಷನ್ಸ್‌ಗೆ ನಲ್, ಮೋಡ್‌ಗೆ ಪ್ರಾಕ್ಸಿ, ಜೊತೆಗೆ ಪ್ರಾಕ್ಸಿ_ಅಡ್ರೆಸ್, ಇಷ್ಟನ್ನೂ ಒಂದೇ ರಿಕ್ವೆಸ್ಟ್‌ನಲ್ಲಿ ಕಳಿಸಿ. ಆಮೇಲೆ _ರಿಮೋಟ್/ಇನ್ಫೋ ಕರೆದು ಕನೆಕ್ಟೆಡ್ ಎಂಬುದು ಟ್ರೂ ಆಗಿದೆಯೇ ನೋಡಿ. ನೋಡ್.ರೋಲ್ಸ್ ಅನ್ನು ಕೈಯಾರೆ ಬರೆದಿದ್ದರೆ ರಿಮೋಟ್_ಕ್ಲಸ್ಟರ್_ಕ್ಲೈಂಟ್ ಪಾತ್ರ ಸೇರಿಸುವುದು ಮರೆಯಬೇಡಿ. ಅದಿಲ್ಲದ ನೋಡ್ ಆಚೆಗೆ ಸಂಪರ್ಕವನ್ನೇ ತೆರೆಯುವುದಿಲ್ಲ.

ವೇಗದ ಮಾತು ಬಂದರೆ ಪರೀಕ್ಷಿಸಬೇಕಾದ್ದು ಬೇರೆ ಗುಂಡಿ: ಸಿಸಿಎಸ್_ಮಿನಿಮೈಜ್_ರೌಂಡ್‌ಟ್ರಿಪ್ಸ್. ಸಾಮಾನ್ಯ ಸರ್ಚ್‌ನಲ್ಲಿ ಇದು ಡಿಫಾಲ್ಟ್ ಆಗಿ ಟ್ರೂ. ಪ್ರತಿ ಕ್ಲಸ್ಟರ್‌ಗೆ ಒಂದೇ ಕೋರಿಕೆ ಹೋಗುತ್ತದೆ, ಅದು ಪೂರ್ತಿ ಹುಡುಕಿ ಉತ್ತರ ಕೊಡುತ್ತದೆ, ಇಲ್ಲಿ ಜೋಡಿಸಿಕೊಳ್ಳುತ್ತೇವೆ. ಫಾಲ್ಸ್ ಮಾಡಿದರೆ ಶಾರ್ಡ್‌ಗಳ (ಇಂಡೆಕ್ಸ್‌ನ ತುಣುಕುಗಳ) ವಿವರ, ಕ್ವೆರಿ, ಫೆಚ್ ಎಂದು ಹೋಗಿಬರುವ ಸುತ್ತುಗಳು ಹೆಚ್ಚುತ್ತವೆ. ಮುಂಬೈ–ಫ್ರಾಂಕ್‌ಫರ್ಟ್‌ನಷ್ಟು ದೂರವಿದ್ದಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆದರೆ ಆಳದ ಪುಟಗಳಿಗೆ ಟ್ರೂ ದುಬಾರಿ: ಫ್ರಮ್ 1000, ಸೈಜ್ 10 ಎಂದು ಕೇಳಿದರೆ ಪ್ರತಿ ಕ್ಲಸ್ಟರೂ 1010 ದಾಖಲೆಗಳವರೆಗೆ ಹೊತ್ತು ತರುತ್ತದೆ, ಬಹುಪಾಲನ್ನು ಇಲ್ಲಿ ಎಸೆಯುತ್ತೇವೆ. ಪುಟ ತಿರುಗಿಸಲು ಸರ್ಚ್_ಆಫ್ಟರ್ (ಹಿಂದಿನ ಪುಟದ ಕೊನೆಯ ದಾಖಲೆಯಿಂದ ಮುಂದುವರಿಯುವ ವಿಧಾನ) ಬಳಸಿದರೆ ಈ ನಷ್ಟವಿಲ್ಲ. ಫಲಿತಾಂಶಗಳನ್ನು ಕಂತುಕಂತಾಗಿ ತರುವ ಸ್ಕ್ರೋಲ್ ಬಳಸಿದರೆ ಸುತ್ತುಗಳ ಈ ಉಳಿತಾಯವೇ ಅನ್ವಯಿಸದು.

ಕೊನೆಗೆ ಸ್ಕಿಪ್_ಅನ್‌ಅವೈಲಬಲ್, ಅಂದರೆ ಸಿಗದ ಕ್ಲಸ್ಟರನ್ನು ಬಿಟ್ಟು ಮುಂದುವರಿಯುವ ಸೆಟ್ಟಿಂಗ್. ಇಲಾಸ್ಟಿಕ್‌ಸರ್ಚ್ 8.15ರಿಂದ ಇದರ ಡಿಫಾಲ್ಟ್ ಟ್ರೂ, ಅದಕ್ಕೂ ಮುಂಚೆ ಫಾಲ್ಸ್. ಅಪ್‌ಗ್ರೇಡ್ ಮಾಡುವವರು ಇದನ್ನು ಡಿಫಾಲ್ಟ್‌ಗೆ ಬಿಡದೆ ಕ್ಲಸ್ಟರ್‌ವಾರು ಬರೆದೇ ಇಡಬೇಕು. ಟ್ರೂ ಇದ್ದಾಗ ಒಂದು ಕ್ಲಸ್ಟರ್ ಬಿದ್ದರೂ ಉಳಿದವುಗಳ ಉತ್ತರ ಬರುತ್ತದೆ. ದೋಷ ಹುಡುಕಲು ಲಾಗ್ ನೋಡುವವರಿಗೆ ಅದೇ ಬೇಕು. ಲೆಕ್ಕ ಒಪ್ಪಿಸುವ ವರದಿಗೆ ಫಾಲ್ಸ್ ಇಡಿ. ಟ್ರೂ ಇಡಲೇಬೇಕಾದರೆ ಉತ್ತರದ _ಕ್ಲಸ್ಟರ್ಸ್ ಭಾಗದಲ್ಲಿ ಸ್ಕಿಪ್ಡ್ ಸಂಖ್ಯೆ 0 ಇದೆಯೇ ಎಂದು ಪ್ರೋಗ್ರಾಂನಲ್ಲೇ ಪರೀಕ್ಷಿಸಿ, ಇಲ್ಲವಾದರೆ ಮೊತ್ತವನ್ನು ತೋರಿಸಬೇಡಿ.