ಗಾಡಿಯ ಕೀ ಯಾರ ಕೈಯಲ್ಲಿ? ಸರ್ವಿಸ್ ಸೆಂಟರ್, ಟಮಕದ ಗ್ಯಾರೇಜ್, ಶೆಡ್ಡಿಗೆ ಬರುವ ಮೆಕ್ಯಾನಿಕ್

ನಮ್ಮ ಗಾಡಿಗಳ ಮೈಮೇಲೆ ದೊಡ್ಡ ಕಂಪನಿಯ ಹೆಸರಿದೆ, ನೋಂದಣಿ ಪತ್ರವಾದ ಆರ್‌ಸಿಯಲ್ಲಿ ನಮ್ಮ ಹೆಸರಿದೆ. ಕಂಪನಿಯಿಂದ ಬೆಂಗಳೂರಿನ ಗುತ್ತಿಗೆದಾರರಿಗೆ, ಅವರಿಂದ ನಮಗೆ ಎಂದು ಇಳಿದು ಬರುವ ಈ ಉಪಗುತ್ತಿಗೆಯಲ್ಲಿ ಹಣ ದಾರಿಯುದ್ದಕ್ಕೂ ಸೋರುತ್ತದೆ. ಹೊಣೆ ಮಾತ್ರ ಒಂದು ಹನಿಯೂ ಸೋರದೆ ಕೆಳಗೆ ಬಂದು ನಿಲ್ಲುತ್ತದೆ. ಟೈರು ಸವೆದಿರಲಿ, ಗಾಡಿ ಓಡಿಸಲು ಯೋಗ್ಯ ಎನ್ನುವ ಎಫ್‌ಸಿ ಪತ್ರದ ಅವಧಿ ಮುಗಿದಿರಲಿ, ಬ್ರೇಕ್ ಕೈಕೊಡಲಿ, ನೋಟಿಸು ಬರುವುದು ಆರ್‌ಸಿಯಲ್ಲಿರುವ ವಿಳಾಸಕ್ಕೆ.

ಕೋಲಾರದಲ್ಲಿ ನಮ್ಮದು ಪಾರ್ಸೆಲ್ ಹಂಚುವ ಸಣ್ಣ ವ್ಯವಹಾರ. ಹದಿನಾಲ್ಕು ಅಡಿಯ ಕ್ಯಾಂಟರ್ ರಾತ್ರಿ ಹೊಸಕೋಟೆಯ ಗೋದಾಮಿನಿಂದ ಸರಕು ತರುತ್ತದೆ. ಬೆಳಿಗ್ಗೆ ಪಿಕಪ್‌ಗಳು ಅದನ್ನು ಹಂಚಿಕೊಂಡು ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರಗಳ ಮನೆಬಾಗಿಲಿಗೆ ಹೋಗುತ್ತವೆ. ಇವುಗಳ ನಿರ್ವಹಣೆಗೆ ಮೂರು ದಾರಿ ಹಿಡಿದು ನೋಡಿದ್ದೇವೆ: ತಯಾರಕರ ಅಧಿಕೃತ ಸರ್ವಿಸ್ ಸೆಂಟರಿನ ವಾರ್ಷಿಕ ಒಪ್ಪಂದ, ಕೋಲಾರದ ಅಂಚಿನ ಟಮಕದ ಗ್ಯಾರೇಜ್, ತಿಂಗಳ ಸಂಬಳಕ್ಕೆ ಸಂಜೆ ನಮ್ಮ ಶೆಡ್ಡಿಗೇ ಬರುವ ಮೆಕ್ಯಾನಿಕ್. ಯಾವುದು ಅಗ್ಗ ಎಂದು ಕೇಳುವವರೇ ಹೆಚ್ಚು. ಆ ಲೆಕ್ಕವನ್ನೂ ಹೇಳುತ್ತೇನೆ. ಆದರೆ ನಾನು ಅಳೆದದ್ದು ಬೇರೆಯದನ್ನು. ಸರಕು ತುಂಬಿಕೊಂಡು ಬೆಳಿಗ್ಗೆ ಹೊರಟು ನಿಂತ ಗಾಡಿಯನ್ನು ‘ಇದು ಇವತ್ತು ಹೋಗಕೂಡದು’ ಎಂದು ತಡೆಯುವ ಗಟ್ಟಿತನ ಈ ಮೂವರಲ್ಲಿ ಯಾರಿಗಿದೆ?

ಸರ್ವಿಸ್ ಸೆಂಟರಿನಿಂದ ಶುರು ಮಾಡುತ್ತೇನೆ. ಏಪ್ರಿಲ್ 2020ರಿಂದ ಬಂದ, ಹೊಗೆಯ ಹೊಸ ಮಾನದಂಡವಾದ ಬಿಎಸ್ 6ರ ಗಾಡಿಗಳಿಗೆ ಅದನ್ನು ಬಿಟ್ಟರೆ ಗತಿಯಿಲ್ಲ ಎನ್ನುವ ಕೆಲವು ಕೆಲಸಗಳಿವೆ. ಡಿಪಿಎಫ್ ಎಂಬ ಜಾಲರಿ ಹೊಗೆಯ ಮಸಿಯನ್ನು ಹಿಡಿದಿಡುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದಾಗ ಅದು ಚೆನ್ನಾಗಿ ಕಾದು ಮಸಿ ತಾನಾಗಿಯೇ ಸುಟ್ಟುಹೋಗುತ್ತದೆ. ಮನೆಗೊಮ್ಮೆ ನಿಂತು ಹೊರಡುವ ಪಿಕಪ್‌ನಲ್ಲಿ ಅಷ್ಟು ಶಾಖ ಏರುವುದೇ ಇಲ್ಲ. ಮಸಿ ಕಟ್ಟುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಎಳೆಯುವ ಬಲ ಕುಗ್ಗುತ್ತದೆ. ಇದನ್ನು ಸ್ಕ್ಯಾನರ್ ಹಾಕಿ ಸರಿಪಡಿಸುವುದರಲ್ಲಿ ಸರ್ವಿಸ್ ಸೆಂಟರಿಗೆ ಸಮನಾದವರಿಲ್ಲ. ಬಿಡಿಭಾಗ ಅಸಲಿ, ಬಿಲ್ಲು ಜಿಎಸ್‌ಟಿ ಸಮೇತ, ಜಾಬ್ ಕಾರ್ಡಿನಲ್ಲಿ ಮಾಡಿದ ಕೆಲಸವೆಲ್ಲ ಬರಹದಲ್ಲಿ ಸಿಗುತ್ತದೆ. ನಾಳೆ ವಿಮೆಯವರು ಕೇಳಿದರೆ ತೋರಿಸಲು ಕಾಗದ ಇದೆ.

ಕೊರತೆ ಇರುವುದು ಅವರ ಕೈಚಳಕದಲ್ಲಲ್ಲ, ಅವರು ನಂಬುವ ಮೀಟರಿನಲ್ಲಿ. ಅಲ್ಲಿ ಎಲ್ಲವೂ ಕಿಲೋಮೀಟರಿನ ಲೆಕ್ಕ. ಇಷ್ಟು ಓಡಿದರೆ ಆಯಿಲ್, ಇಷ್ಟು ಓಡಿದರೆ ಬ್ರೇಕ್ ತಪಾಸಣೆ. ಆದರೆ ಡೆಲಿವರಿ ಗಾಡಿ ಸವೆಯುವುದು ಓಡಿ ಅಲ್ಲ, ನಿಂತು ನಿಂತು. ಕೆಜಿಎಫ್‌ಗೆ ಹೋಗುವ ಪಿಕಪ್ ದಿನಕ್ಕೆ ಓಡುವ ದೂರ ಕಡಿಮೆ. ಆದರೆ ನಿಂತಲ್ಲೆಲ್ಲ ಒಮ್ಮೆ ಬ್ರೇಕ್, ಒಮ್ಮೆ ಹ್ಯಾಂಡ್ ಬ್ರೇಕ್, ಒಮ್ಮೆ ಸೆಲ್ಫ್, ಎರಡು ಸಲ ಬಾಗಿಲು, ಹೊರಡುವಾಗ ಕ್ಲಚ್. ದೂರ ಪ್ರಯಾಣದ ಗಾಡಿ ಒಂದು ವಾರದಲ್ಲಿ ಕಾಣುವಷ್ಟು ಬ್ರೇಕನ್ನು ಇದು ಒಂದು ಬೆಳಿಗ್ಗೆಯಲ್ಲಿ ಕಾಣುತ್ತದೆ. ಮೀಟರಿಗೆ ಇದಾವುದೂ ಗೊತ್ತಿಲ್ಲ.

ಸರ್ವಿಸ್ ಮುಗಿಸಿ ‘ಎಲ್ಲ ಸರಿಯಿದೆ’ ಎಂಬ ಮುದ್ರೆ ಹೊತ್ತು ಬಂದ ಪಿಕಪ್ ಒಂದು, ಕೆಲವೇ ದಿನಗಳಲ್ಲಿ ರಾಬರ್ಟ್‌ಸನ್‌ಪೇಟೆಯ ಇಳಿಜಾರಿನಲ್ಲಿ ತಾನಾಗಿ ಹಿಂದಕ್ಕೆ ಸರಿಯಿತು. ಚಾಲಕರು ಪಾರ್ಸೆಲ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಹಿಂದಿನ ಚಕ್ರಕ್ಕೆ ಕಲ್ಲು ಇಡುವ ಹಳೆಯ ಅಭ್ಯಾಸ ಅವರಿಗಿದ್ದುದರಿಂದ ಗಾಡಿ ಅಲ್ಲೇ ನಿಂತಿತು. ಹ್ಯಾಂಡ್ ಬ್ರೇಕಿನ ಕೇಬಲ್ ಸಡಿಲವಾಗಿತ್ತು, ಹಿಂದಿನ ಬ್ರೇಕ್ ಡ್ರಮ್ಮಿನೊಳಗೆ ಉಜ್ಜುವ ಪಟ್ಟಿ, ಅಂದರೆ ಲೈನಿಂಗ್, ರಿವೆಟ್ಟಿನ ಹತ್ತಿರಕ್ಕೆ ಸವೆದಿತ್ತು. ಕೇಳಿದರೆ, ಡ್ರಮ್ ಬಿಚ್ಚಿ ನೋಡುವ ಕಿಲೋಮೀಟರು ಇನ್ನೂ ಬಂದಿರಲಿಲ್ಲ ಎಂದರು. ಪಟ್ಟಿಯ ಪ್ರಕಾರ ಅವರ ಮಾತು ಸರಿಯೇ.

ಇನ್ನು ಟಮಕದ ಗ್ಯಾರೇಜ್. ಟೊಮೆಟೊ ಕ್ಯಾಂಟರ್‌ಗಳನ್ನು ರಿಪೇರಿ ಮಾಡಿ ಪಳಗಿದ ಕೈಗಳು ಅವು. ಕೋಲಾರದ ಎಪಿಎಂಸಿಯಿಂದ ದೂರದ ರಾಜ್ಯಗಳಿಗೆ ಹೊರಡುವ ಲೋಡು ದಾರಿಯಲ್ಲಿ ನಿಂತರೆ ಕೊಳೆತು ಹೋಗುತ್ತದೆ. ಹಾಗಾಗಿ ಇಲ್ಲಿನ ಮೆಕ್ಯಾನಿಕ್‌ಗಳಿಗೆ ವೇಗ ರಕ್ತಗತ. ಎಂಜಿನ್ ಸದ್ದು ಕೇಳಿಯೇ ಯಾವ ಬೇರಿಂಗ್ ಎಂದು ಹೇಳುವ ಒಬ್ಬ ಭಾಯ್ ಅಲ್ಲಿದ್ದಾರೆ. ಅವರ ಅಂದಾಜು ತಪ್ಪಿದ್ದನ್ನು ನಾನು ಕಂಡಿಲ್ಲ. ಕ್ಲಚ್ ಪ್ಲೇಟ್, ಸ್ಪ್ರಿಂಗ್ ಪ್ಲೇಟ್, ವೆಲ್ಡಿಂಗ್ ಕೆಲಸಗಳಲ್ಲಿ ಸರ್ವಿಸ್ ಸೆಂಟರಿನ ಬಿಲ್ಲು ಇವರದರ ಒಂದೂವರೆ ಪಟ್ಟು ಆಗುತ್ತಿತ್ತು. ರಾತ್ರಿ ಹತ್ತಕ್ಕೆ ಕರೆದರೂ ಬರುತ್ತಾರೆ.

ಆದರೆ ಮಳೆಗಾಲದ ಟೊಮೆಟೊ ಹಂಗಾಮಿನಲ್ಲಿ, ಅದಕ್ಕೂ ಮೊದಲು ಶ್ರೀನಿವಾಸಪುರದ ಮಾವಿನ ಹಂಗಾಮಿನಲ್ಲಿ, ನಮ್ಮ ಸರದಿ ಬರುವುದೇ ಇಲ್ಲ. ಆಯುಧಪೂಜೆಯ ಹಿಂದಿನ ವಾರವಂತೂ ಕೇಳಲೇಬೇಡಿ. ಲೈನಿಂಗ್ ಅಸಲಿಯೋ ನಕಲಿಯೋ ಎಂಬುದು ನೀವು ನಿಂತು ಪೊಟ್ಟಣ ನೋಡಿದರೆ ಮಾತ್ರ ಗೊತ್ತಾಗುತ್ತದೆ. ರೇಡಿಯೇಟರಿಗೆ ಬೋರ್‌ವೆಲ್ ನೀರನ್ನೇ ಸುರಿಯುತ್ತಾರೆ. ನಮ್ಮ ಜಿಲ್ಲೆಯ ನೀರು ಎಷ್ಟು ಗಡಸು ಎಂದು ಅನ್ನದ ಪಾತ್ರೆಯ ಒಳಗೆ ಕಟ್ಟುವ ಬಿಳಿ ಪದರವೇ ಹೇಳುತ್ತದೆ. ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿದರೆ ಬೇಸಿಗೆಯಲ್ಲಿ ಎಂಜಿನ್ ಕುದಿಯುತ್ತದೆ. ನೀರಿನ ಬದಲು ಹಾಕುವ ಕೂಲೆಂಟ್ ಡಬ್ಬವನ್ನು ನಾವೇ ಕೊಟ್ಟು ಕಳುಹಿಸುವುದು ಇದರಿಂದಲೇ ರೂಢಿಯಾಯಿತು.

ಇವೆಲ್ಲ ಸಹಿಸಿಕೊಳ್ಳಬಹುದಾದ ತೊಂದರೆಗಳು. ಸಹಿಸಲಾಗದ್ದು ‘ಸದ್ಯಕ್ಕೆ ಓಡಿಸಿ, ಆಮೇಲೆ ನೋಡೋಣ’ ಎಂಬ ಅವರ ಮಾತು. ಚಕ್ರದೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಜಿನುಗುತ್ತಿದ್ದಾಗಲೂ ಒರೆಸಿ, ಬಿಗಿ ಮಾಡಿ, ಇದೇ ಮಾತು ಹೇಳಿ ಕಳುಹಿಸಿದ್ದರು. ಅವರದು ಕೆಟ್ಟ ಮನಸ್ಸಲ್ಲ. ವರ್ಷವಿಡೀ ಮಾಲೀಕರ ಅವಸರವನ್ನೇ ಕಂಡವರು ಅವಸರಕ್ಕೆ ತಕ್ಕ ಉತ್ತರವನ್ನೇ ಕೊಡುತ್ತಾರೆ.

ಮೂರನೆಯದು ಶೆಡ್ಡಿಗೆ ಬರುವ ಮೆಕ್ಯಾನಿಕ್. ಗಾಡಿಗಳು ಮರಳುವ ಹೊತ್ತಿಗೆ ಬರುತ್ತಾರೆ. ಜ್ಯಾಕ್ ಏರಿಸಿ ಚಕ್ರ ಅಲುಗಾಡಿಸಿ ನೋಡುವುದು, ವೀಲ್ ನಟ್ಟುಗಳ ಮೇಲೆ ಎಳೆದ ಬಣ್ಣದ ಗೆರೆ ಸರಿದಿದೆಯೇ ಎಂದು ಟಾರ್ಚ್ ಹಿಡಿಯುವುದು, ಕ್ಯಾಂಟರಿನ ಹಿಂದಿನ ಜೋಡಿ ಟೈರುಗಳ ನಡುವೆ ಸಿಕ್ಕ ಕಲ್ಲು ತೆಗೆಯುವುದು, ಸರದಿಯಂತೆ ವಾರಕ್ಕೊಂದು ಗಾಡಿಯ ಡ್ರಮ್ ಬಿಚ್ಚುವುದು. ಟೈರು ತಣ್ಣಗಿರುವಾಗಲೇ ಗಾಳಿ ಅಳೆಯಬೇಕೆಂದು ಅದೊಂದಕ್ಕೆ ಮಾತ್ರ ವಾರಕ್ಕೊಮ್ಮೆ ಬೆಳಿಗ್ಗೆ ಬರುತ್ತಾರೆ. ಸ್ಕ್ಯಾನರ್ ಇಲ್ಲ, ಕೆಳಗಿಳಿದು ನೋಡಲು ಗುಂಡಿ ಇಲ್ಲ, ಬಿಲ್ಲು ಇಲ್ಲ. ಹಬ್ಬಕ್ಕೆ ಊರಿಗೆ ಹೋದರೆ ಬದಲಿ ವ್ಯಕ್ತಿಯೂ ಇಲ್ಲ. ಸಂಬಳವನ್ನು ಬಿಡಿಭಾಗದ ಖರ್ಚಿನೊಂದಿಗೆ ಕೂಡಿಸಿದರೆ ಗ್ಯಾರೇಜಿಗಿಂತ ದುಬಾರಿ. ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತು ಬೇರೆ ಗಾಡಿ ಬಾಡಿಗೆಗೆ ತರುವ ಖರ್ಚು ಇಳಿದದ್ದನ್ನು ಕಳೆದರೆ ಹೆಚ್ಚುಕಡಿಮೆ ಸರಿಹೋಗುತ್ತದೆ.

ಇವರನ್ನೇ ನಾನು ಮೊದಲ ಸ್ಥಾನದಲ್ಲಿ ಇಡುವುದಕ್ಕೆ ಕಾರಣ ಸಂಬಳದ ಸ್ವರೂಪ. ಗಾಡಿ ಓಡಿದರೂ ನಿಂತರೂ ಅವರಿಗೆ ಸಿಗುವುದು ಅಷ್ಟೇ. ಇಲ್ಲದ ಕೆಲಸ ಹುಟ್ಟಿಸುವುದರಿಂದ ಲಾಭವಿಲ್ಲ, ಇರುವ ದೋಷ ಮುಚ್ಚುವುದರಿಂದಲೂ ಲಾಭವಿಲ್ಲ. ಜೊತೆಗೆ ರಾತ್ರಿ ಎಲ್ಲ ಕೀಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇವೆ. ಅವರು ಒಪ್ಪದ ಗಾಡಿಯ ಕೀ ಅವರ ಜೇಬಿನಲ್ಲೇ ಉಳಿಯುತ್ತದೆ. ‘ಅಕ್ಕ, ಸ್ಟೀರಿಂಗ್ ಕಡೆ ಆಟ ಜಾಸ್ತಿ ಇದೆ. ಇದನ್ನು ನಾನು ಬಿಡುವುದಿಲ್ಲ’ ಎಂದು ಒಮ್ಮೆ ಹೇಳಿದಾಗ ನನಗೂ ಸಿಟ್ಟು ಬಂದಿತ್ತು. ಗುತ್ತಿಗೆದಾರರ ಮೇಲ್ವಿಚಾರಕರು ಫೋನಿನ ಮೇಲೆ ಫೋನು ಮಾಡಿದರು. ಬಾಡಿಗೆ ಗಾಡಿ ತಂದೆವು, ತಡವಾದದ್ದಕ್ಕೆ ಬಿಲ್ಲಿನಲ್ಲಿ ಕಡಿತವೂ ಆಯಿತು. ಆ ಒಪ್ಪಂದಪತ್ರವನ್ನು ಒಮ್ಮೆ ಓದಬೇಕು: ಒಂದು ಕಲಮಿನಲ್ಲಿ ಗಾಡಿ ಸುಸ್ಥಿತಿಯಲ್ಲಿರತಕ್ಕದ್ದು, ಇನ್ನೊಂದರಲ್ಲಿ ಗಾಡಿ ಬಾರದಿದ್ದರೆ ದಂಡ. ಸುಸ್ಥಿತಿಗಾಗಿಯೇ ಗಾಡಿ ನಿಲ್ಲಿಸಿದರೆ ಏನು ಎಂಬ ಕಲಮು ಎಲ್ಲೂ ಇಲ್ಲ.

ಎಫ್‌ಸಿ ಇದೆಯಲ್ಲ ಎನ್ನಬಹುದು. ಎಂಟು ವರ್ಷದವರೆಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅದನ್ನು ಮಾಡಿಸಬೇಕು. ಅದು ಆ ಒಂದು ದಿನದ ಚಿತ್ರ ಮಾತ್ರ. ಆ ದಿನಕ್ಕೆಂದೇ ಒಳ್ಳೆಯ ಟೈರು ತೊಡಿಸಿಕೊಂಡು ಹೋಗುವವರ ಕತೆ ಎಲ್ಲ ಊರಿನಲ್ಲೂ ಇದೆ.

ಟೈರಿನ ಮಾತು ಬಂದದ್ದಕ್ಕೆ ಚುಟುಕಾಗಿ: ಸವೆದ ಟೈರಿಗೆ ಹೊಸ ರಬ್ಬರು ಹೊದಿಸಿದ ರೀಸೋಲ್ ಟೈರನ್ನೂ ಹೊಸದನ್ನೂ ಎರಡನ್ನೂ ಓಡಿಸಿದ್ದೇವೆ. ಕ್ಯಾಂಟರಿನ ಹಿಂದಿನ ಚಕ್ರಗಳಿಗೆ ಒಳ್ಳೆಯ ಕಡೆ ಮಾಡಿಸಿದ ರೀಸೋಲ್ ಸಾಕು. ಮುಂದಿನವು ಹೊಸವೇ ಆಗಿರಬೇಕು. ಅದರಲ್ಲಿ ಚೌಕಾಸಿ ಇಲ್ಲ. ಟೈರಿನ ಮೈಮೇಲಿನ ಗೀರುಗಳ, ಅಂದರೆ ಹೂವಿನ, ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು ಎಂಬುದು ಕಾನೂನು. ನಮ್ಮವರು ಅಲ್ಲಿಯವರೆಗೆ ಕಾಯುವುದಿಲ್ಲ.

ಈಗ ಕೆಲಸ ಹಂಚಿ ಹಾಕಿದ್ದೇವೆ. ವಾರಂಟಿ, ಸೆನ್ಸರ್, ಡಿಪಿಎಫ್ ಸರ್ವಿಸ್ ಸೆಂಟರಿಗೆ. ಕ್ಲಚ್, ಸ್ಪ್ರಿಂಗ್ ಪ್ಲೇಟ್, ಬಾಡಿ ಕೆಲಸ ಟಮಕಕ್ಕೆ. ಬ್ರೇಕ್, ಸ್ಟೀರಿಂಗ್, ಟೈರು ಮತ್ತು ಕೀ ಪೆಟ್ಟಿಗೆ ಮೆಕ್ಯಾನಿಕ್‌ಗೆ. ಒಪ್ಪಂದ ನವೀಕರಿಸುವಾಗ, ದೋಷವನ್ನು ಲಿಖಿತವಾಗಿ ತಿಳಿಸಿ ಗಾಡಿ ನಿಲ್ಲಿಸಿದರೆ ದಂಡ ಹಾಕಬಾರದೆಂದು ಕೇಳಿದೆವು. ಸಾಕಷ್ಟು ಎಳೆದಾಡಿದ ಮೇಲೆ ಗುತ್ತಿಗೆದಾರರು ಗಾಡಿಗೆ ತಿಂಗಳಿಗೆ ಒಂದು ದಿನ ಬಿಟ್ಟುಕೊಟ್ಟಿದ್ದಾರೆ. ದಸರಾದಿಂದ ದೀಪಾವಳಿಯವರೆಗೆ ಆ ಒಂದು ದಿನವೂ ಇಲ್ಲ.