14 ಮಳೆಗಾಲ ಕಂಡ ನನ್ನ ನಿಕಾನ್ ಡಿ700
ಈ ಕ್ಯಾಮೆರಾ ಕೊಂಡಿದ್ದೇ ಒಂದು ಹಳೇ ಲೆನ್ಸಿಗಾಗಿ. 1993ರಲ್ಲಿ ರೀಲ್ ಕ್ಯಾಮೆರಾ ಎಫ್‌ಎಂ2 ಜೊತೆ ತಗೊಂಡ 24 ಎಂಎಂ ಎಫ್2.8 ನಿಕ್ಕೋರ್, ಅಂದರೆ ಅಗಲ ನೋಟದ ನಿಕಾನ್ ಲೆನ್ಸ್. ತೀರ್ಥಹಳ್ಳಿ ಸುತ್ತಲಿನ ಗುಡ್ಡ, ಹೊಳೆ, ಮಂಜು ಎಲ್ಲವನ್ನೂ ಅದರಲ್ಲೇ ತೆಗೆದು ಕ್ಯಾಲೆಂಡರಿನವರಿಗೆ ಕೊಡುತ್ತಿದ್ದೆ. ಆಗ ಅವರು ಸ್ಲೈಡ್ (ನೇರವಾಗಿ ಬಣ್ಣದ ಚಿತ್ರವೇ ಮೂಡುವ ಫಿಲ್ಮ್) ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಆಮೇಲೆ ಅವರೇ ‘ಸಿಡಿ ತನ್ನಿ’ ಅನ್ನಲು ಶುರು ಮಾಡಿದರು. ರೀಲನ್ನು ಬೆಂಗಳೂರಿಗೆ ಕಳಿಸಿ ತೊಳೆಸುವ ಖರ್ಚೂ ಏರುತ್ತಾ ಹೋಯಿತು.

ಕಡಿಮೆ ಬೆಲೆಯ ಡಿಜಿಟಲ್ ಕ್ಯಾಮೆರಾಗಳಲ್ಲಿ ಫಿಲ್ಮಿನ ಬದಲು ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದು. ಅದರಲ್ಲಿ ನನ್ನ 24 ಎಂಎಂ ಲೆನ್ಸಿನ ನೋಟ 36 ಎಂಎಂನಷ್ಟು ಕಿರಿದಾಗುತ್ತದೆ. ಗುಡ್ಡ ಬಂದರೆ ಆಕಾಶ ಇಲ್ಲ, ಆಕಾಶ ಬಂದರೆ ಗುಡ್ಡ ಇಲ್ಲ. ಡಿ700ರ ಸೆನ್ಸರ್ ಫಿಲ್ಮಿನಷ್ಟೇ ಅಗಲ. 2011ರಲ್ಲಿ ಎರಡು ಮದುವೆ ಸೀಸನ್ನಿನ ದುಡಿಮೆ ಕೂಡಿಸಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಮೆನುವಿನಲ್ಲಿ 24, 2.8 ಅಂತ ಒಮ್ಮೆ ತುಂಬಿಸಿದರೆ ಸಾಕು, ಆ ಲೆಕ್ಕದಲ್ಲೇ ಬೆಳಕಿನ ಮೀಟರ್ ಕೆಲಸ ಮಾಡುತ್ತದೆ. ಎಡಗೈಯಲ್ಲಿ ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗ್ ತಿರುಗಿಸುವಾಗ ಬೆರಳಿಗೆ ಅದೇ ಹಳೇ ಕಟ್ ಕಟ್. ಆ ಖುಷಿ ಇವತ್ತಿಗೂ ಹೋಗಿಲ್ಲ.

ಈ ಕ್ಯಾಮೆರಾ ಮನಸ್ಸಿಗೆ ಹತ್ತಿದ್ದು ಕುಂದಾದ್ರಿ ಬೆಟ್ಟದಲ್ಲಿ. ಅಲ್ಲಿ ಬಸದಿ ಪಕ್ಕದ ಕೊಳದಲ್ಲಿ ಬೆಳಗಿನ ಕೆಂಪು ಬೀಳುತ್ತದೆ. ವೆಲ್ವಿಯಾ ಅನ್ನುವ ಸ್ಲೈಡ್ ಫಿಲ್ಮಿನಲ್ಲಿ ಆ ಕೆಂಪು ಉಳಿಸಿಕೊಂಡರೆ ಬಸದಿ ಕಪ್ಪು ಮುದ್ದೆ. ಬೆಳಕಿನ ಅಳತೆ ಅರ್ಧ ಸ್ಟಾಪ್ ತಪ್ಪಿದರೂ ಸ್ಲೈಡ್ ಕ್ಷಮಿಸುತ್ತಿರಲಿಲ್ಲ. ಡಿ700ರ ರಾ ಫೈಲನ್ನು (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಚಿತ್ರ) ಮನೆಗೆ ಬಂದು ತೆರೆದು ನೆರಳನ್ನು ಸ್ವಲ್ಪ ಎತ್ತಿದೆ. ಬಸದಿಯ ಕಲ್ಲಿನ ಮೇಲಿನ ಪಾಚಿ ಕಾಣಿಸಿತು! 18 ವರ್ಷ ಅದೇ ಜಾಗಕ್ಕೆ ಹೋಗಿದ್ದೇನೆ, ಚಿತ್ರದಲ್ಲಿ ಆ ಪಾಚಿ ನೋಡಿದ್ದು ಅವತ್ತೇ. ಆಗುಂಬೆ ಕಾಡಿನಲ್ಲೂ ಹಾಗೇ. ಐಎಸ್‌ಒ ಅಂದರೆ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಳತೆ. ಐಎಸ್‌ಒ 50ರ ವೆಲ್ವಿಯಾದಲ್ಲಿ 2 ಸೆಕೆಂಡು ಬೇಕಿದ್ದ ಕಡೆ ಡಿ700ನ್ನು 1600ಕ್ಕೆ ಇಟ್ಟರೆ 1/15 ಸೆಕೆಂಡು ಸಾಕು. ಮಳೆಯಲ್ಲಿ ಅಲುಗುವ ಎಲೆಯೂ ಒಂದಿಷ್ಟು ನಿಲ್ಲುತ್ತದೆ.

ಮನೆಗೆ ಬಂದ ತಕ್ಷಣ ಹಳೇ ಪಂಚೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಇಡುತ್ತೇನೆ. ನಮ್ಮ ಕಡೆ ಜೂನ್ ಬಂತೆಂದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಕುಡಿದಿದೆ ಅಂತ. ಅಡುಗೆಗೆ ಬಳಸದ ಒಂದು ಬಾಣಲೆ ಇದಕ್ಕೇ ಇದೆ. ಸಣ್ಣ ಉರಿಯಲ್ಲಿ ಮತ್ತೆ ನೀಲಿ ಆಗುವವರೆಗೂ ಹುರಿಯುತ್ತೇನೆ.

ಇಷ್ಟೆಲ್ಲ ಜೋಪಾನ ಮಾಡಿದ್ದು ಕ್ಯಾಮೆರಾಕ್ಕೆ. ಚಿತ್ರಗಳು ಹೋಗಿದ್ದು ಬೇರೆ ದಾರಿಯಲ್ಲಿ. 2018ರಲ್ಲಿ ಒಂದು ದಿನ ಕರೆಂಟು ಹೋಗಿ ಬಂತು. ಹಾರ್ಡ್ ಡಿಸ್ಕ್ ಒಳಗೆ ಟಿಕ್ ಟಿಕ್ ಸದ್ದು, ಆಮೇಲೆ ಅದೂ ಇಲ್ಲ. ಎರಡು ಮಳೆಗಾಲದ ಕೆಲಸ ಪೂರ್ತಿ ಅದರಲ್ಲಿತ್ತು. ಕಾರ್ಡುಗಳನ್ನು ಅಳಿಸಿ ಬಳಸಿಯಾಗಿತ್ತು. ರಿಪೇರಿಯವರು ಕೇಳಿದ ಹಣ ನನ್ನಿಂದ ಆಗಲಿಲ್ಲ. ಅವತ್ತು ಸಂಜೆ 1994ರ ಸ್ಲೈಡ್ ಪೆಟ್ಟಿಗೆ ಕೆಳಗಿಳಿಸಿದೆ. ಒಂದನ್ನು ಕಿಟಕಿಗೆ ಹಿಡಿದೆ. ಮೂಲೆಯಲ್ಲಿ ಬೂಷ್ಟು ಜೇಡರ ಬಲೆಯಂತೆ ಹರಡಿತ್ತು. ಆದರೆ ಕೊಡಚಾದ್ರಿ ಇತ್ತು, ಮೋಡವೂ ಇತ್ತು. ಆ ಎರಡು ವರ್ಷದ್ದು ಹೀಗೆ ಬೂಷ್ಟು ಹಿಡಿದಾದರೂ ಉಳಿದಿದ್ದರೆ ಸಾಕಿತ್ತು ಅನ್ನಿಸಿ ಅಳು ಬಂತು.

ಹಾಗಾಗಿ ಈಗ ಹಳೇ ಡಿ700 ಕೊಳ್ಳುವವರಿಗೆ ನನ್ನ ಮಾತು ಇಷ್ಟು. ಮನೆಯಲ್ಲಿ 1977ರ ನಂತರದ ಹಳೇ ನಿಕ್ಕೋರ್ ಲೆನ್ಸ್ ಇದ್ದರೆ ಧೈರ್ಯವಾಗಿ ತಗೊಳ್ಳಿ. ವಿಡಿಯೋ ಬೇಕಾದವರಿಗೆ ಇದಲ್ಲ, ಇದರಲ್ಲಿ ಅದು ಇಲ್ಲವೇ ಇಲ್ಲ. ಶಟರ್ ಎಷ್ಟು ಓಡಿದೆ ಅಂತ ಕೇಳಿ. ಕಂಪನಿ 1,50,000 ಕ್ಲಿಕ್‌ವರೆಗೆ ಪರೀಕ್ಷೆ ಮಾಡಿದೆ, ನನ್ನದು 1,10,000 ದಾಟಿ ಚೆನ್ನಾಗಿದೆ. ಬಜೆಟ್‌ನಲ್ಲಿ ಎರಡು ಹಾರ್ಡ್ ಡಿಸ್ಕಿನ ದುಡ್ಡನ್ನು ಮೊದಲೇ ತೆಗೆದಿಡಿ. ನಾನು ಒಂದನ್ನು ಶಿವಮೊಗ್ಗದ ಅಕ್ಕನ ಮನೆಯಲ್ಲಿ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ಹೊಸ ಚಿತ್ರ ತುಂಬಿಸಿ, ಊಟ ಮಾಡಿಕೊಂಡು ಬರುತ್ತೇನೆ.